ಹಂಚಿ ಮುಗಿಸುವ ಕೆಲಸವಲ್ಲ

ವಿಕಲಚೇತನ ಮಕ್ಕಳ ಓದಿನ ಪ್ರಶ್ನೆ ಎದ್ದಾಗ ನಮ್ಮ ಆಡಳಿತಕ್ಕೆ ತೋಚುವುದು ಎರಡೇ ದಾರಿ. ಒಂದು, ಮಗುವಿನ ಕೈಗೆ ಸಲಕರಣೆ ಕೊಡುವುದು. ಇನ್ನೊಂದು, ಕಷ್ಟವೆನಿಸಿದ ವಿಷಯದಿಂದ ಮಗುವಿಗೆ ವಿನಾಯಿತಿ ಕೊಡುವುದು. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆಯಂದು ಮೊದಲನೆಯದು ವೇದಿಕೆಯ ಮೇಲೆ ನಡೆಯುತ್ತದೆ: ತ್ರಿಚಕ್ರ ವಾಹನ, ಶ್ರವಣ ಸಾಧನ, ಬ್ರೈಲ್ ಕಿಟ್, ಮಾತಾಡುವ ಲ್ಯಾಪ್‌ಟಾಪ್. ಎರಡನೆಯದು ಪರೀಕ್ಷಾ ಮಂಡಳಿಯ ಕಡತಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ. ಪಾಠ, ಪುಸ್ತಕ, ಅರ್ಜಿ, ಜಾಲತಾಣ, ಪ್ರಶ್ನೆಪತ್ರಿಕೆ ಎಲ್ಲವೂ ಸರಿಯಾಗಿಯೇ ಇವೆ, ಕೊರತೆ ಇರುವುದು ಮಗುವಿನಲ್ಲಿ; ಆ ಕೊರತೆಯನ್ನು ಸಲಕರಣೆಯಿಂದ ತುಂಬಬೇಕು, ತುಂಬಲಾಗದ್ದನ್ನು ಮನ್ನಾ ಮಾಡಬೇಕು. ಹಳ್ಳಿಹಳ್ಳಿಗೂ ಸ್ಮಾರ್ಟ್‌ಫೋನ್ ಬಂದ ಮೇಲಂತೂ ಈ ನಂಬಿಕೆ ಮತ್ತಷ್ಟು ಗಟ್ಟಿಯಾಗಿದೆ. ಫೋನೇ ಓದಿ ಹೇಳುತ್ತದೆ, ಫೋನೇ ಬರೆದು ತೋರಿಸುತ್ತದೆ, ಇನ್ನೇನು ಬೇಕು ಎಂದು ಒಳ್ಳೆಯ ಮನಸ್ಸಿನವರೂ ಕೇಳುತ್ತಾರೆ. ಕೇಳುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ನಂಬಿಕೆ ಬುಡದಲ್ಲೇ ತಪ್ಪು, ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಸಾವಿರಾರು ಮಕ್ಕಳು ಆ ತಪ್ಪಿಗೆ ತಮ್ಮ ಓದಿನಿಂದಲೇ ಬೆಲೆ ತೆರುತ್ತಿದ್ದಾರೆ.

ಮಾತಾಡುವ ಲ್ಯಾಪ್‌ಟಾಪಿನಿಂದಲೇ ಶುರುಮಾಡೋಣ. ಎಸ್ಸೆಸ್ಸೆಲ್ಸಿ ದಾಟಿದ ಅಂಧ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಅದನ್ನು ಕೊಡುತ್ತದೆ, ಯೋಜನೆ ಒಳ್ಳೆಯದೇ. ಅದರೊಳಗೆ ಮಾತಾಡುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಮತ್ತೊಬ್ಬ ಅಂಧ ಗೆಳೆಯ ಜೇಮ್ಸ್ ಟೆಹ್ ಜೊತೆಗೂಡಿ ಬೆಳೆಸಿದ ಎನ್‌ವಿಡಿಎ ಪೂರ್ತಿ ಉಚಿತ. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಅಂದರೆ ಯಂತ್ರದ ಕಡೆಯಿಂದ ತಡೆಯಿಲ್ಲ. ತಡೆ ಇರುವುದು ಆ ಯಂತ್ರಕ್ಕೆ ನಾವು ಓದಲು ಕೊಡುವ ಕಡತದಲ್ಲಿ. ಸ್ಕ್ರೀನ್ ರೀಡರಿಗೆ ಅಕ್ಷರದ ಆಕಾರ ಕಾಣುವುದಿಲ್ಲ, ಅದರ ಸಂಕೇತ ಸಂಖ್ಯೆಯಷ್ಟೇ ತಿಳಿಯುತ್ತದೆ. ಕನ್ನಡದ ಅಕ್ಷರಗಳಿಗೆ 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ತಮ್ಮವೇ ಆದ ಸಂಖ್ಯೆಗಳು ಸಿಕ್ಕಿವೆ. ಆದರೆ ನಮ್ಮ ಕಚೇರಿ, ಡಿಟಿಪಿ ಅಂಗಡಿ, ಮುದ್ರಣಾಲಯಗಳು ಬಹುಕಾಲ ಬಳಸಿದ್ದು, ಹಲವೆಡೆ ಈಗಲೂ ಬಳಸುತ್ತಿರುವುದು, ಹಳೆಯ ನುಡಿ ಮತ್ತು ಬರಹ ಫಾಂಟುಗಳನ್ನು. ಅವು ಇಂಗ್ಲಿಷ್ ಮತ್ತು ಇತರ ಯುರೋಪಿಯನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟುಗಳು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ; ಕಡತದೊಳಗೆ ಮಾತ್ರ ಇರುವುದು ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಒಂದು ಜರ್ಮನ್ ಅಕ್ಷರ, ಕ್ಯೂ, ನಡುನಡುವೆ ತಲೆಗೀಟಿನ ಎ. ಸ್ಕ್ರೀನ್ ರೀಡರ್ ಓದಿ ಹೇಳುವುದು ಆ ಕಸವನ್ನೇ. ಕಂಪ್ಯೂಟರಿಗೆ ಕನ್ನಡವೇ ಬಾರದಿದ್ದ ಕಾಲದಲ್ಲಿ ಸರ್ಕಾರಿ ಕಚೇರಿಗಳಿಗೆ ಕನ್ನಡ ತಂದುಕೊಟ್ಟದ್ದು ಇವೇ ತಂತ್ರಾಂಶಗಳು. ಆ ಋಣವನ್ನು ಯಾರೂ ಮರೆಯಬೇಕಿಲ್ಲ. ಆದರೆ ಯೂನಿಕೋಡ್ ಬಂದು ದಶಕಗಳಾಗಿವೆ, ನುಡಿಯ ಹೊಸ ಆವೃತ್ತಿಗಳೇ ಅದನ್ನು ಬೆಂಬಲಿಸುತ್ತವೆ. ಹಳೆಯ ಫಾಂಟಿನಲ್ಲಿ ಜೋಡಿಸಿದ ಒಂದು ಪಾಠ ಅಂಧ ಹುಡುಗಿಗೆ ಖಾಲಿ ಹಾಳೆಗೆ ಸಮ. ಅವಳಿಗೆ ಎಷ್ಟು ಬೆಲೆಯ ಲ್ಯಾಪ್‌ಟಾಪ್ ಕೊಟ್ಟರೂ ಆ ಹಾಳೆ ತುಂಬುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಸುತ್ತೋಲೆ, ಪ್ರವೇಶ ಪ್ರಕಟಣೆ, ವಿದ್ಯಾರ್ಥಿವೇತನದ ಷರತ್ತು, ಆಯ್ಕೆಪಟ್ಟಿ, ಹೀಗೆ ಬದುಕಿಗೆ ಬೇಕಾದ ಕಾಗದಗಳೆಲ್ಲ ಈಗ ಹುಟ್ಟುವುದು ಕಂಪ್ಯೂಟರಿನಲ್ಲೇ. ಟೈಪಿಸಿದ ಕಡತವನ್ನು ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಮತ್ತೆ ಅದರ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸುತ್ತಾರೆ. ಅಕ್ಷರವಾಗಿದ್ದದ್ದನ್ನು ಕಷ್ಟಪಟ್ಟು ಚಿತ್ರವಾಗಿಸುವ ಈ ರೂಢಿಯಿಂದ ಕಣ್ಣಿದ್ದವನಿಗೆ ಏನೂ ನಷ್ಟವಿಲ್ಲ. ಕಣ್ಣಿಲ್ಲದವನಿಗೆ ಇಡೀ ಕಾಗದವೇ ನಷ್ಟ. ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ಬೇಕು ಎಂದು ತಿಳಿಯಲು ಪದವೀಧರನೂ ನೆರೆಯವರನ್ನು ಕೇಳಬೇಕು, ತನ್ನ ಆದಾಯ, ಜಾತಿ, ಅಂಕಗಳನ್ನೆಲ್ಲ ಅವರ ಮುಂದೆ ತೆರೆದಿಡಬೇಕು. ಡಿಜಿಟಲ್ ಸಹಿ ಭಾರತದಲ್ಲಿ ಕಾನೂನುಬದ್ಧವಾದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ. ಅದನ್ನು ಬಳಸಲಾಗದಿದ್ದರೆ ಸಹಿಯಿರುವ ಪ್ರತಿಯ ಪಕ್ಕದಲ್ಲೇ ಮೂಲ ಪಠ್ಯದ ಕಡತವನ್ನೂ ಇಡಬಹುದು. ಗುಮಾಸ್ತರ ಎರಡು ನಿಮಿಷದ ಕೆಲಸ ಅದು.

ಕೃತಕ ಬುದ್ಧಿಮತ್ತೆ ಬಂದಿದೆ, ಚಿತ್ರದಿಂದ ಅಕ್ಷರ ತೆಗೆಯುವುದನ್ನು ಅದೇ ಮಾಡುತ್ತದೆ, ಇನ್ನು ಈ ಗೋಳು ಯಾಕೆ ಎಂಬ ಉತ್ತರ ಇತ್ತೀಚೆಗೆ ಕೇಳಿಬರುತ್ತಿದೆ. ಅಕ್ಷರ ಗುರುತಿಸುವ ತಂತ್ರಾಂಶದ ಸಾಧನೆ ನಿಜಕ್ಕೂ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕಾಗಿ ಮಾಡಿದ ಕೆಲಸ ಹಳೆಯ ಮುದ್ರಿತ ಪುಸ್ತಕಗಳನ್ನು ಅಂಧ ಓದುಗರಿಗೆ ತಲುಪಿಸಲು ನೆರವಾಗಿದೆ. ಕಂಪ್ಯೂಟರ್ ಬರುವ ಮುನ್ನ ಅಚ್ಚಾದ ಪುಸ್ತಕಕ್ಕೆ ಅದಕ್ಕಿಂತ ಬೇರೆ ದಾರಿಯಿಲ್ಲ. ನಿನ್ನೆ ಟೈಪಿಸಿದ ಸುತ್ತೋಲೆಗೆ ಅದೇ ಮದ್ದು ಎನ್ನುವುದನ್ನು ಮಾತ್ರ ಒಪ್ಪಲಾಗದು. ಒತ್ತಕ್ಷರ ತಪ್ಪಬಹುದು, ಕೋಷ್ಟಕದ ಸಾಲು ಕಲಸಿಹೋಗಬಹುದು, 3 ಎಂಬುದು 8 ಆಗಬಹುದು. ಅಂಧ ಓದುಗನಿಗೆ ಆ ತಪ್ಪನ್ನು ಮೂಲದೊಡನೆ ತಾಳೆ ನೋಡುವ ಅವಕಾಶವೇ ಇಲ್ಲ. ದೊಡ್ಡಬಳ್ಳಾಪುರದ ಯಾವ ನೇಕಾರನನ್ನು ಕೇಳಿದರೂ ಹೇಳುತ್ತಾನೆ, ಹಾಸಿನಲ್ಲೇ ತಪ್ಪಿದ ಎಳೆಯನ್ನು ಸೀರೆ ಮಗ್ಗದಿಂದ ಇಳಿದ ಮೇಲೆ ಸರಿಪಡಿಸಲಾಗದು ಎಂದು. ಎಲ್ಲರೂ ಬಳಸಬಲ್ಲ ಗುಣ ವಸ್ತು ತಯಾರಾಗುವಾಗಲೇ ಅದರೊಳಗೆ ಸೇರಬೇಕು. ಆಮೇಲೆ ಒಬ್ಬೊಬ್ಬರಿಗೂ ಹಂಚಲು ಬರುವುದಿಲ್ಲ.

ಇನ್ನು ವಿನಾಯಿತಿ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಗಣಿತದ ಬದಲು ಸಮಾಜಶಾಸ್ತ್ರವನ್ನು, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತವನ್ನು ಬರೆಯುವ ಅವಕಾಶವಿದೆ. ಇದನ್ನು ಉದಾರತೆ ಎಂದು ಎಣಿಸುವವರೇ ಹೆಚ್ಚು. ತನಗೆ ಬೇಕೆಂದು ಸಮಾಜಶಾಸ್ತ್ರ ಓದುವ ಮಗುವಿನ ಆಯ್ಕೆಗೆ ನನ್ನ ತಕರಾರಿಲ್ಲ. ಆದರೆ ಗಣಿತವನ್ನು ಕೈಯಿಂದ ಮುಟ್ಟಿ ಕಲಿಸಬಲ್ಲ ಶಿಕ್ಷಕರಿಲ್ಲ, ಉಬ್ಬುಗೆರೆಯ ರೇಖಾಚಿತ್ರಗಳಿಲ್ಲ, ಬ್ರೈಲ್‌ನಲ್ಲಿ ಸಮೀಕರಣ ಬರೆಯುವ ಅಭ್ಯಾಸ ಮಾಡಿಸಿಲ್ಲ ಎಂದಾದ ಮೇಲೆ ಅದು ಆಯ್ಕೆಯಾಗಿ ಉಳಿಯುವುದಾದರೂ ಹೇಗೆ? ಹದಿನೈದು ವರ್ಷದ ಮಗು ಆ ಕಾಲಂನಲ್ಲಿ ಗುರುತು ಹಾಕಿದ ಕ್ಷಣಕ್ಕೆ ಪಿಯುಸಿ ವಿಜ್ಞಾನ, ಡಿಪ್ಲೊಮಾ, ಎಂಜಿನಿಯರಿಂಗ್ ಎಲ್ಲವೂ ಮುಚ್ಚಿಹೋಗುತ್ತವೆ. ಆ ಬಾಗಿಲುಗಳು ಮುಚ್ಚುತ್ತಿವೆ ಎಂದು ಆ ಹೊತ್ತಿನಲ್ಲಿ ಮಗುವಿಗೆ ಕೂತು ತಿಳಿಹೇಳಬೇಕಾದ ಹೊಣೆ ಯಾರದು? ಪಾಠವನ್ನು ಮಗುವಿಗೆ ತಲುಪಿಸಲಾಗದ ನಮ್ಮ ಸೋಲನ್ನು ಮಗುವಿನ ಅಂಕಪಟ್ಟಿಯಲ್ಲಿ ದಾಖಲಿಸಿ, ಅದನ್ನೇ ಅನುಕಂಪ ಎಂದು ಕರೆಯುತ್ತಿದ್ದೇವೆ. ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರಂದು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಪ್ರೌಢ ಹಂತದಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. ಇಲ್ಲಿ ಮಾತ್ರ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಊರಿಂದೂರಿಗೆ ಸುತ್ತುತ್ತ ಒಂದೊಂದು ಶಾಲೆಗೆ ಎಂದೋ ಒಮ್ಮೆ ಕಾಲಿಡುವ ವ್ಯವಸ್ಥೆ ಇದೆ. ಆ ಶಿಕ್ಷಕರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಬೀಜಗಣಿತ ದಿನವೂ ಕಲಿಯಬೇಕಾದದ್ದು.

ಯಾವ ಜಿಲ್ಲೆಯಲ್ಲಿ ನಿಂತು ಈ ಮಾತಾಡುತ್ತಿದ್ದೇವೆ ಎಂಬುದೂ ಮುಖ್ಯ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರದಲ್ಲಿ ಸಿದ್ಧ ಉಡುಪು ಪಾರ್ಕ್, ದಾಬಸ್‌ಪೇಟೆಯಲ್ಲಿ ಕೈಗಾರಿಕಾ ವಲಯ, ಹೊಸಕೋಟೆ ಸುತ್ತ ಗೋದಾಮುಗಳ ಸಾಲು. ಈಗ ದೇವನಹಳ್ಳಿ–ದೊಡ್ಡಬಳ್ಳಾಪುರ ಸೀಮೆಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಾಗುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ 4 ಪರ್ಸೆಂಟ್, ಉನ್ನತ ಶಿಕ್ಷಣದಲ್ಲಿ 5 ಪರ್ಸೆಂಟ್ ಮೀಸಲಿಟ್ಟಿದೆ. ಆದರೆ ತಂತ್ರಜ್ಞಾನದ ಕೆಲಸಕ್ಕೆ ಬೇಕಾದ ಗಣಿತವನ್ನೇ ಹತ್ತನೇ ತರಗತಿಯಲ್ಲಿ ಬಿಡಿಸಿದ ಮೇಲೆ ಈ ಉದ್ಯಮಗಳಿಗೆ ಇಲ್ಲಿನ ಅಂಧ ಯುವಕರು ಯಾವ ಅರ್ಹತೆಯಿಂದ ಹೋಗಬೇಕು? ಅದೇ ಐಫೋನಿನ ಇನ್ನೊಂದು ಸಂಗತಿಯನ್ನೂ ನೋಡಿ. ಅದರಲ್ಲಿ ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಬಂದದ್ದು 2009ರಲ್ಲಿ. ಅದಕ್ಕೆ ಕನ್ನಡದ ದನಿ ಸಿಕ್ಕಿದ್ದು 2022ರಲ್ಲಿ. ನಡುವಿನ 13 ವರ್ಷ ಆ ಫೋನನ್ನು ಕಿವಿಯಿಂದ ಬಳಸಲು ಇಂಗ್ಲಿಷೋ ಹಿಂದಿಯೋ ಬರಬೇಕಿತ್ತು. ತಂತ್ರಜ್ಞಾನ ತಾನಾಗಿ ಬಂದು ಎಲ್ಲರನ್ನೂ ಸಮನಾಗಿಸುತ್ತದೆ ಎನ್ನುವವರು ಈ ಅಂತರವನ್ನು ಗಮನಿಸಬೇಕು. ಹಳ್ಳಿಯ ಕನ್ನಡ ಮಾಧ್ಯಮದ ಮಗು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ, ತಮ್ಮ ಭಾಷೆಗಾಗಿ ಯಾರಾದರೂ ಪಟ್ಟುಹಿಡಿದು ಕೇಳುವವರೆಗೂ ಅಲ್ಲೇ ನಿಂತಿರುತ್ತದೆ. ಕನ್ನಡದ ಹೆಸರಿನಲ್ಲಿ ನಾಮಫಲಕಕ್ಕಾಗಿ ಹೋರಾಡುವ ಸಂಘಟನೆಗಳು ಕನ್ನಡದ ಕಡತ ಕಿವಿಗೆ ಕೇಳುವಂತಿರಲಿ ಎಂದು ಒಮ್ಮೆಯಾದರೂ ಕೇಳಬೇಕಿತ್ತು.

ಇಂಥವರ ಸಂಖ್ಯೆ ಎಷ್ಟು ಮಹಾ ಎಂಬ ಆಕ್ಷೇಪ ಅಧಿಕಾರಿಗಳ ಬಾಯಲ್ಲಿ ಸದಾ ಸಿದ್ಧವಿರುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ, ರಾಜ್ಯದ ಜನಸಂಖ್ಯೆಯ ಎರಡು ಪರ್ಸೆಂಟಿಗೆ ತುಸು ಹೆಚ್ಚು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಂದಿನ ಜನಸಂಖ್ಯೆ 9.9 ಲಕ್ಷ, ರಾಜ್ಯದ ಸರಾಸರಿಯನ್ನೇ ಹಿಡಿದರೂ 21 ಸಾವಿರ ಜನರಾದರು. ಅದೂ ಎಂಟೇ ಬಗೆಯ ವೈಕಲ್ಯಗಳನ್ನು ಎಣಿಸಿದ ಗಣತಿ. 2016ರ ಕಾಯ್ದೆ ಗುರುತಿಸಿದ ಬಗೆಗಳು 21. ಕಲಿಕಾ ನ್ಯೂನತೆ, ಆಟಿಸಂ, ಕುಷ್ಠದಿಂದ ಗುಣಮುಖರಾದವರು, ಆ್ಯಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರಲ್ಲಿ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ 16 ಪರ್ಸೆಂಟ್ ಜನ ಗಣನೀಯ ವೈಕಲ್ಯದೊಡನೆ ಬದುಕುತ್ತಿದ್ದಾರೆ. ಇಷ್ಟಾಗಿಯೂ ಸಂಖ್ಯೆಯ ವಾದಕ್ಕೆ ನಾನು ಕೊಡುವ ಮುಖ್ಯ ಉತ್ತರ ದೊಡ್ಡ ಸಂಖ್ಯೆಯಲ್ಲ. ಒಂದು ಶಾಲೆಯಲ್ಲಿ ಇಂಥ ಒಂದೇ ಮಗು ಇದ್ದರೂ ಕಾಯ್ದೆಯ 31ನೇ ಸೆಕ್ಷನ್ 6ರಿಂದ 18 ವರ್ಷದವರೆಗೆ ಅದಕ್ಕೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹಕ್ಕು ಜಾರಿಯಾಗಲು ಇಂತಿಷ್ಟು ಜನ ಇರಬೇಕೆಂದು ಆ ಕಾಯ್ದೆಯ ಯಾವ ಸಾಲಿನಲ್ಲೂ ಬರೆದಿಲ್ಲ. ಮಕ್ಕಳು ಶಾಲೆಗೆ ಬರುತ್ತಿಲ್ಲ, ಹಾಗಾಗಿ ಬೇಡಿಕೆಯಿಲ್ಲ ಎನ್ನುವವರು ಬರಲಾಗದಂತೆ ಮಾಡಿ ಬರಲಿಲ್ಲವೆಂದು ದೂರುತ್ತಿದ್ದಾರೆ.

ಬೆಂಗಳೂರು ಪಕ್ಕದಲ್ಲೇ ಇದೆ, ಅಲ್ಲಿ ಒಳ್ಳೆಯ ವಿಶೇಷ ಶಾಲೆಗಳಿವೆ, ಮಕ್ಕಳನ್ನು ಅಲ್ಲಿಗೆ ಕಳಿಸಿದರಾಯಿತು ಎಂಬ ವಾದ ಮೇಲ್ನೋಟಕ್ಕೆ ಹೆಚ್ಚು ಸಮಂಜಸ. 1959ರಲ್ಲಿ ಎನ್.ಎಸ್. ಹೇಮಾ ಅವರು ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, 1969ರ ರಮಣ ಮಹರ್ಷಿ ಅಂಧರ ಅಕಾಡೆಮಿ, 1990ರ ಮಿತ್ರಜ್ಯೋತಿ, 1997ರ ಸಮರ್ಥನಂ, ಇವೆಲ್ಲ ಸರ್ಕಾರ ಮಾಡದಿದ್ದದ್ದನ್ನು ಮಾಡಿ ತೋರಿಸಿದ ಸಂಸ್ಥೆಗಳು. ಅವುಗಳಿಂದ ಕಲಿಯಬೇಕಾದದ್ದು ಬೇಕಾದಷ್ಟಿದೆ. ಆದರೆ ಅವುಗಳ ಇರವನ್ನೇ ನೆಪ ಮಾಡಿಕೊಂಡು ನಮ್ಮೂರ ಶಾಲೆ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆರು ವರ್ಷದ ಮಗು ತಾಯಿಯನ್ನು ಬಿಟ್ಟು ನಗರದ ಹಾಸ್ಟೆಲಿಗೆ ಹೋಗುವುದೇ ಓದಿನ ಷರತ್ತಾದರೆ ಎಷ್ಟು ಮನೆಗಳು ಒಪ್ಪುತ್ತವೆ? ಅದರಲ್ಲೂ ಹೆಣ್ಣುಮಗುವನ್ನು ಎಷ್ಟು ಮನೆಗಳು ಕಳಿಸುತ್ತವೆ? ಕಾಯ್ದೆಯ 16ನೇ ಸೆಕ್ಷನ್ ಹೇಳುವುದು ಸಮನ್ವಯ ಶಿಕ್ಷಣವನ್ನು, ಉಳಿದ ಮಕ್ಕಳ ಜೊತೆಯಲ್ಲೇ ಕಲಿಕೆಯನ್ನು. ಇದರ ಇನ್ನೊಂದು ತುದಿಯಲ್ಲಿ ಗೃಹಾಧಾರಿತ ಶಿಕ್ಷಣವಿದೆ. ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟ ಆಯ್ಕೆ ಅದು. ರ‍್ಯಾಂಪ್ ಇಲ್ಲ, ಬಳಸಬಲ್ಲ ಶೌಚಾಲಯವಿಲ್ಲ ಎಂಬ ಕಾರಣಕ್ಕೆ ಮಗುವನ್ನು ಆ ಪಟ್ಟಿಗೆ ಸೇರಿಸಿದರೆ, ಹಾಜರಾತಿಯ ಲೆಕ್ಕ ತುಂಬುತ್ತದೆ. ಮಗು ಮಾತ್ರ ಮನೆಯ ಹಜಾರದಲ್ಲೇ ಬೆಳೆಯುತ್ತದೆ.

ಇಲ್ಲಿಯವರೆಗೆ ಹೆಚ್ಚಾಗಿ ಅಂಧರ ಮಾತಾಡಿದೆ, ಏಕೆಂದರೆ ಕಡತದ ತಪ್ಪು ಅಲ್ಲಿ ಎದ್ದು ಕಾಣುತ್ತದೆ. ತರ್ಕ ಉಳಿದವರಿಗೂ ಅದೇ. ಸ್ಮಾರ್ಟ್ ಕ್ಲಾಸಿನ ವಿಡಿಯೊದಲ್ಲಿ ಕನ್ನಡದ ಅಡಿಬರಹವಾಗಲಿ ಸಂಜ್ಞೆ ಭಾಷೆಯಾಗಲಿ ಇಲ್ಲದಿದ್ದರೆ ಕಿವುಡ ಮಗುವಿಗೆ ಅದು ತುಟಿಯಾಡಿಸುವ ಚಿತ್ರವಷ್ಟೇ; ಶ್ರವಣ ಸಾಧನ ಎಲ್ಲ ಕಿವುಡರಿಗೂ ಮಾತು ಕೇಳಿಸುವುದಿಲ್ಲ. ಭಾರತೀಯ ಸಂಜ್ಞೆ ಭಾಷೆಯ ಸಂಶೋಧನೆ ಮತ್ತು ತರಬೇತಿಗೆ ರಾಷ್ಟ್ರೀಯ ಕೇಂದ್ರವೊಂದು ಬಂದದ್ದೇ 2015ರಲ್ಲಿ. ಬೌದ್ಧಿಕ ವೈಕಲ್ಯವುಳ್ಳ ಮಗುವಿಗೆ ಬೇಕಾದದ್ದು ಸರಳ ವಾಕ್ಯ, ಸ್ಪಷ್ಟ ಚಿತ್ರ, ಹೆಚ್ಚು ಸಮಯ. ನಮ್ಮ ಅರ್ಜಿ ನಮೂನೆಗಳ ಭಾಷೆಯಂತೂ ಎಲ್ಲ ಸಾಮರ್ಥ್ಯವಿದ್ದವರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಅದನ್ನು ಸರಳಗೊಳಿಸಿದರೆ ಲಾಭ ಇಡೀ ಊರಿಗೆ.

ಹಣದ ಮಾತಿಗೂ ಬರೋಣ. ಶಾಲೆಗಳಲ್ಲಿ ಸೂರು ಸೋರುತ್ತಿದೆ, ಶಿಕ್ಷಕರ ಹುದ್ದೆಗಳು ಖಾಲಿಯಿವೆ, ಮೊದಲು ಅದು, ಆಮೇಲೆ ಇದು ಎನ್ನುತ್ತಾರೆ. ಸೋರುವ ಸೂರು ರಿಪೇರಿಯಾಗಲೇಬೇಕು. ಆದರೆ ನಾನು ಕೇಳುತ್ತಿರುವುದರಲ್ಲಿ ಬಹುಪಾಲಿಗೆ ಖರ್ಚೇ ಇಲ್ಲ. ಯೂನಿಕೋಡಿನಲ್ಲಿ ಟೈಪಿಸಲು ಹೆಚ್ಚುವರಿ ರೂಪಾಯಿ ಬೇಕಿಲ್ಲ; ಪಠ್ಯದ ಕಡತವನ್ನು ಸ್ಕ್ಯಾನ್ ಮಾಡದೆ ಹಾಗೇ ಏರಿಸಿದರೆ ಒಂದು ಕೆಲಸ ಕಡಿಮೆಯಾಗುತ್ತದೆ. ಕಟ್ಟಡಕ್ಕೂ ಇದೇ ಮಾತು, ನಕ್ಷೆಯಲ್ಲೇ ಬರೆದ ಇಳಿಜಾರು ಅಗ್ಗ, ಕಟ್ಟಿದ ಮೇಲೆ ಮೆಟ್ಟಿಲು ಒಡೆದು ಕೂರಿಸುವ ರ‍್ಯಾಂಪ್ ದುಬಾರಿ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ 5 ಪರ್ಸೆಂಟನ್ನು ಅಂಗವಿಕಲರಿಗಾಗಿ ವ್ಯಯಿಸಬೇಕೆಂಬ ನಿಯಮ ಈಗಾಗಲೇ ಇದೆ. ಆ ಹಣವನ್ನು ವರ್ಷಾಂತ್ಯದಲ್ಲಿ ಸಲಕರಣೆಗಳಿಗೆ ಸುರಿಯುವ ಬದಲು ಶಾಲೆ, ಗ್ರಂಥಾಲಯ, ಪಂಚಾಯಿತಿ ಕಚೇರಿಗಳನ್ನು ಬಳಸುವಂತೆ ಮಾಡಲು ತೊಡಗಿಸಬಹುದು. ಗಾಲಿಕುರ್ಚಿ ಬೇಡವೆಂದು ನಾನು ಹೇಳುತ್ತಿಲ್ಲ. ಗಾಲಿಕುರ್ಚಿ ಬೇಕೇ ಬೇಕು, ಅದು ಒಳಗೆ ಹೋಗಲು ಬಾಗಿಲೂ ಬೇಕು.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಔದಾರ್ಯದ ಕ್ಷೇತ್ರದಿಂದ ಆಗಲೇ ಹೊರತಂದಿವೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಸುಗಮತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ 2017ರ ನಿಯಮವನ್ನು ರದ್ದುಗೊಳಿಸಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಸೂಚಿಸಿತು. ಕಾಯ್ದೆ ‘ಮಾಡತಕ್ಕದ್ದು’ ಎಂದಿರುವಾಗ ನಿಯಮ ‘ಮಾಡಬಹುದು’ ಎನ್ನಲಾಗದು ಎಂಬುದು ಅದರ ತಿರುಳು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಇನ್ನೂ ಮುಂದೆ ಹೋಯಿತು. ಬ್ಯಾಂಕಿನ ಡಿಜಿಟಲ್ ಗುರುತು ಪರಿಶೀಲನೆಯಲ್ಲಿ ಕಣ್ಣು ಮಿಟುಕಿಸಿ ತೋರಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರ ಅರ್ಜಿಯದು. ಡಿಜಿಟಲ್ ಸೇವೆಗಳ ಪ್ರವೇಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಪುಸ್ತಕಗಳ ವಿಷಯದಲ್ಲೂ ನೆಪ ಉಳಿದಿಲ್ಲ: ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ, ಅಂಧರಿಗಾಗಿ ಪುಸ್ತಕಗಳ ರೂಪ ಬದಲಿಸಲು ಅನುವು ಮಾಡುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ದೆಹಲಿಯ ತೀರ್ಪು, ಮರಕೇಶ್‌ನ ಒಪ್ಪಂದ ಇವು ಹೊಸಕೋಟೆಯ ಬಿಇಒ ಕಚೇರಿಯ ಕಂಪ್ಯೂಟರಿನವರೆಗೆ ಇಳಿದು ಬರಬೇಕು. ಕೀಲಿಮಣೆ ಇರುವುದು ಅಲ್ಲಿ.

ಅದಕ್ಕೊಂದು ಸಂದರ್ಭ ತಾನಾಗಿ ಒದಗಿದೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ನಿರ್ಧರಿಸಿತು. ಹೆಸರು ಬದಲಾದರೆ ಲೆಟರ್‌ಹೆಡ್, ಅರ್ಜಿ ನಮೂನೆ, ಪ್ರಮಾಣಪತ್ರ, ನಾಮಫಲಕ, ಜಾಲತಾಣ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಹೇಗೂ ಮಾಡಲೇಬೇಕಾದ ಆ ಕೆಲಸದ ಆದೇಶದಲ್ಲಿ ಎರಡು ವಾಕ್ಯ ಸೇರಲಿ. ಜಿಲ್ಲೆಯ ಪ್ರತಿ ಕಡತವೂ ಯೂನಿಕೋಡ್ ಪಠ್ಯವಾಗಿಯೇ ಪ್ರಕಟವಾಗಬೇಕು, ಪ್ರತಿ ನಮೂನೆ ಮತ್ತು ಜಾಲತಾಣವನ್ನು ಜಾರಿಗೆ ತರುವ ಮುನ್ನ ಅಂಧರು, ಕಿವುಡರು, ಕೈ ಬಳಸಲಾಗದವರು ಬಳಸಿ ನೋಡಿ ಒಪ್ಪಿರಬೇಕು. ಹಾಗೆ ಬಳಸಿ ನೋಡಿದವರಿಗೆ ಆ ಕೆಲಸದ ಸಂಬಳವನ್ನೂ ಕೊಡಬೇಕು. ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ನನ್ನ ಬೇಡಿಕೆ ಇಷ್ಟು. ಓದುಗರಲ್ಲಿ ಶಿಕ್ಷಕರು, ಡಿಟಿಪಿ ಮಾಡುವವರು, ಪಂಚಾಯಿತಿ ಕಾರ್ಯದರ್ಶಿಗಳು ಇದ್ದರೆ ಅವರು ಆ ಆದೇಶಕ್ಕೆ ಕಾಯಬೇಕಿಲ್ಲ. ನಾಳೆ ಟೈಪಿಸುವ ಮೊದಲ ಪುಟವನ್ನೇ ಯೂನಿಕೋಡಿನಲ್ಲಿ ಟೈಪಿಸಿ, ಸ್ಕ್ಯಾನ್ ಮಾಡದೆ ಕಳಿಸಿ.